ಕಾರು ಸ್ಟಾರ್ಟ್ ಆಗ್ತಿಲ್ವಾ? ಹೊಸ ಬ್ಯಾಟರಿಗೆ ದುಡ್ಡು ಕೊಡೋ ಮೊದಲು ಮನೆಯಲ್ಲೇ ಹೀಗೆ ಚೆಕ್ ಮಾಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಕಾರು ಎಂಟು ಹತ್ತು ದಿನ ಶೆಡ್‌ನಲ್ಲೇ ನಿಲ್ಲೋದು ಮಾಮೂಲು. ಆಮೇಲೊಂದು ದಿನ ಬೆಳಗಿನ ಜಾವ ಸಂತೆಗೆ ಮಾಲು ತುಂಬಿಕೊಂಡು ಹೊರಡಬೇಕು, ಇಲ್ಲವೇ ರಾತ್ರಿ ಯಾರನ್ನೋ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಅಂತ ಕೀ ತಿರುಗಿಸಿದರೆ ‘ಟಕ್ ಟಕ್’ ಅನ್ನೋ ಸದ್ದು ಬಿಟ್ಟು ಬೇರೇನೂ ಇಲ್ಲ. ನೋಡಿದವರೆಲ್ಲ ಹೇಳೋದು ಒಂದೇ ಮಾತು: ‘ಬ್ಯಾಟರಿ ಹೋಯ್ತು, ಹೊಸದು ಹಾಕ್ಸಿ.’ ಅಲ್ಲಿಗೆ ಸಾವಿರಾರು ರೂಪಾಯಿ ಖರ್ಚು. ಆದರೆ ಎಷ್ಟೋ ಸಲ ಬ್ಯಾಟರಿ ಚೆನ್ನಾಗೇ ಇರುತ್ತೆ, ತೊಂದರೆ ಬೇರೆ ಕಡೆ ಇರುತ್ತೆ.

ಹೆಡ್‌ಲೈಟ್ ಹಾಕಿ ನೋಡಿ

ಹೆಡ್‌ಲೈಟ್ ಹಾಕಿಕೊಂಡು ಸ್ಟಾರ್ಟ್ ಮಾಡಿ. ಲೈಟ್ ಪೂರ್ತಿ ಮಂಕಾಗಿ ‘ಟಕ್ ಟಕ್’ ಅಂದರೆ ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ, ಇಲ್ಲವೇ ಟರ್ಮಿನಲ್ ಸರಿಯಾಗಿ ಕೂತಿಲ್ಲ. ಲೈಟ್ ಚೆನ್ನಾಗಿ ಉರೀತಾ ಇದ್ದು, ಕೀ ತಿರುಗಿಸಿದರೂ ಮಂಕಾಗದೆ ಇಂಜಿನ್ ಸುಮ್ಮನಿದ್ದರೆ ಸ್ಟಾರ್ಟರ್ ಮೋಟಾರ್ ಅಥವಾ ಅದರ ವೈರಿಂಗ್ ಕಡೆ ನೋಡಬೇಕು. ಇಂಜಿನ್ ಜೋರಾಗಿ ತಿರುಗುತ್ತೆ, ಆದರೆ ಸ್ಟಾರ್ಟ್ ಆಗಲ್ಲ ಅಂದರೆ ಅದು ಬ್ಯಾಟರಿ ತೊಂದರೆ ಅಲ್ಲವೇ ಅಲ್ಲ.

ಟರ್ಮಿನಲ್ ಮೇಲೆ ಬಿಳಿ ಪುಡಿ ಇದೆಯಾ?

ಬಾನೆಟ್ ಎತ್ತಿ ಎರಡೂ ಟರ್ಮಿನಲ್ ಕೈಯಲ್ಲಿ ಅಲ್ಲಾಡಿಸಿ. ಅಲ್ಲಾಡಿದರೆ ನಟ್ ಬಿಗಿ ಮಾಡಿ, ಅಷ್ಟರಲ್ಲೇ ಎಷ್ಟೋ ಕಾರುಗಳು ಸ್ಟಾರ್ಟ್ ಆಗುತ್ತವೆ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಕರೆಂಟ್ ಸರಿಯಾಗಿ ಹರಿಯಲ್ಲ. ಕೀ ತೆಗೆದು, ಮೊದಲು ಮೈನಸ್ ವೈರ್, ಆಮೇಲೆ ಪ್ಲಸ್ ವೈರ್ ಬಿಚ್ಚಿ. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೇ ಬ್ರಷ್‌ನಿಂದ ಉಜ್ಜಿ, ಒರೆಸಿ ಒಣಗಿಸಿ. ಸೋಡಾ ನೀರು ಬ್ಯಾಟರಿ ಒಳಗೆ ಹೋಗಬಾರದು. ಕೂಡಿಸುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಮೇಲೆ ಸ್ವಲ್ಪ ವ್ಯಾಸಲಿನ್ ಸವರಿದರೆ ಪುಡಿ ಬೇಗ ಕಟ್ಟಲ್ಲ.

ಮೀಟರ್ ಏನು ಹೇಳುತ್ತೆ?

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗೋ ಸಾದಾ ಮಲ್ಟಿಮೀಟರ್ ಸಾಕು. ಡಿಸಿ 20 ವೋಲ್ಟ್‌ಗೆ ಇಟ್ಟು, ಕಾರು ರಾತ್ರಿಯಿಡೀ ನಿಂತ ಮೇಲೆ ನೋಡಿ.

12.6 ವೋಲ್ಟ್ ಅಥವಾ ಸ್ವಲ್ಪ ಜಾಸ್ತಿ: ಫುಲ್ ಚಾರ್ಜ್.
12.4: ಸುಮಾರು ಮುಕ್ಕಾಲು ಭಾಗ.
12.2: ಸುಮಾರು ಅರ್ಧ, ಚಾರ್ಜ್‌ಗೆ ಹಾಕಿ.
12ಕ್ಕಿಂತ ಕೆಳಗೆ: ಹೆಚ್ಚುಕಡಿಮೆ ಖಾಲಿ.

ಇನ್ನೊಬ್ಬರಿಗೆ ಸ್ಟಾರ್ಟ್ ಮಾಡೋಕೆ ಹೇಳಿ ಮೀಟರ್ ನೋಡ್ತಾ ಇರಿ. ಫುಲ್ ಚಾರ್ಜ್ ಇದ್ದೂ ಆ ಹೊತ್ತಿಗೆ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ ಅಂತ ಅರ್ಥ. ಇಂಜಿನ್ ಓಡ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. 12ರ ಆಸುಪಾಸಲ್ಲೇ ನಿಂತರೆ ಆಲ್ಟರ್‌ನೇಟರ್ ಚಾರ್ಜ್ ಮಾಡ್ತಿಲ್ಲ. ಹಾಗಿದ್ದಾಗ ಹೊಸ ಬ್ಯಾಟರಿ ಹಾಕಿದರೂ ಅದೂ ಇಳಿದು ಹೋಗುತ್ತೆ. ಇಂಜಿನ್ ಓಡ್ತಿರುವಾಗ ಟರ್ಮಿನಲ್ ಕಿತ್ತು ಆಲ್ಟರ್‌ನೇಟರ್ ಪರೀಕ್ಷೆ ಮಾಡೋದು ಹಳೇ ಪದ್ಧತಿ. ಈಗಿನ ಕಾರಲ್ಲಿ ಹಾಗೆ ಮಾಡಿದರೆ ಇಸಿಎಂ ಸುಟ್ಟು ಹೋಗಬಹುದು.

ರಾತ್ರಿ ಚಾರ್ಜ್ ಎಲ್ಲಿಗೆ ಹೋಗುತ್ತೆ?

ಡಿಕ್ಕಿ ಲೈಟ್, ಮೊಬೈಲ್ ಚಾರ್ಜರ್, ಹೊರಗೆ ಹಾಕಿಸಿದ ಮ್ಯೂಸಿಕ್ ಸಿಸ್ಟಂ, ಕ್ಯಾಮೆರಾ ಇವು ಕಾರು ನಿಂತಿದ್ದಾಗಲೂ ಕರೆಂಟ್ ಎಳೆಯುತ್ತವೆ. ಆಲ್ಟೊದಂಥ ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ 35 ಆಂಪಿಯರ್ ಅವರ್. ಬರೀ 50 ಮಿಲಿ ಆಂಪಿಯರ್ ಸೋರಿದರೂ ಎರಡು ವಾರದಲ್ಲಿ ಅರ್ಧ ಖಾಲಿ. ಪತ್ತೆ ಮಾಡೋದು ಸುಲಭ: ಫುಲ್ ಚಾರ್ಜ್ ಆದ ಮೇಲೆ ರಾತ್ರಿ ಮೈನಸ್ ವೈರ್ ಬಿಚ್ಚಿಡಿ, ಕೀ ಕಾರೊಳಗೆ ಬಿಡಬೇಡಿ. ಬೆಳಗ್ಗೆ ಕೂಡಿಸಿದಾಗ ಚೆನ್ನಾಗಿ ಸ್ಟಾರ್ಟ್ ಆದರೆ ಸೋರಿಕೆ ಕಾರಿನ ವೈರಿಂಗ್‌ನಲ್ಲಿದೆ. ಆಗಲೂ ವೀಕ್ ಇದ್ದರೆ ತೊಂದರೆ ಬ್ಯಾಟರಿಯಲ್ಲೇ ಇದೆ. ವಾರಗಟ್ಟಲೆ ಕಾರು ತೆಗೆಯೋದಿಲ್ಲ ಅಂದರೆ ಮಳೆಗಾಲದಲ್ಲಿ ಮೈನಸ್ ಬಿಚ್ಚಿಡೋದೇ ಒಳ್ಳೇದು.

ನೀರು, ಚಾರ್ಜಿಂಗ್, ಎಚ್ಚರಿಕೆ

ಮುಚ್ಚಳ ಇರೋ ಬ್ಯಾಟರಿಯಾದರೆ ಆರೂ ಸೆಲ್‌ನಲ್ಲಿ ನೀರು ನೋಡಿ. ಅಂಗಡಿ ಇನ್ವರ್ಟರ್‌ಗೆ ಹಾಕೋ ಡಿಸ್ಟಿಲ್ಡ್ ವಾಟರ್ ಇದಕ್ಕೂ ಆಗುತ್ತೆ. ನಲ್ಲಿ ನೀರು, ಬೋರ್‌ವೆಲ್ ನೀರು, ಆಸಿಡ್ ಯಾವುದೂ ಬೇಡ. ಪ್ಲೇಟ್ ಮುಳುಗುವಷ್ಟು ಹಾಕಿ ಚಾರ್ಜ್ ಮಾಡಿ, ಬಾಕಿ ನೀರನ್ನು ಚಾರ್ಜ್ ಆದ ಮೇಲೆ ಗುರುತಿನವರೆಗೆ ತುಂಬಿ. 35 ಆಂಪಿಯರ್ ಅವರ್ ಬ್ಯಾಟರಿಗೆ 3.5 ಆಂಪಿಯರ್‌ನಂತೆ ನಿಧಾನವಾಗಿ ಹತ್ತು ಹನ್ನೆರಡು ಗಂಟೆ ಚಾರ್ಜ್ ಆದರೆ ಒಳ್ಳೇದು.

ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬರುತ್ತೆ, ಒಂದು ಕಿಡಿ ಬಿದ್ದರೂ ಬ್ಯಾಟರಿ ಸಿಡಿಯಬಹುದು. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ, ಕಿಟಕಿ ತೆರೆದಿರಲಿ, ಕಣ್ಣಿಗೆ ಕನ್ನಡಕ ಇರಲಿ. ಆಸಿಡ್ ತಾಗಿದರೆ ತಕ್ಷಣ ಧಾರಾಳ ನೀರಲ್ಲಿ ತೊಳೀರಿ. ಕಣ್ಣಿಗೆ ಬಿದ್ದರೆ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.

ಬದಲಾಯಿಸಲೇಬೇಕಾದಾಗ

ಬ್ಯಾಟರಿ ಬಾಳಿಕೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಫುಲ್ ಚಾರ್ಜ್ ಮಾಡಿ, ವೈರ್ ಬಿಚ್ಚಿಟ್ಟರೂ ಒಂದೇ ರಾತ್ರಿಗೆ ಇಳಿದರೆ, ಪಕ್ಕ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ರಿಪೇರಿ ಪ್ರಯತ್ನ ಬೇಡ. ಮೊದಲು ವಾರಂಟಿ ಕಾರ್ಡ್ ಹುಡುಕಿ, ಅವಧಿ ಉಳಿದಿರಬಹುದು. ಹಳೇ ಬ್ಯಾಟರಿ ಒಳಗಿನ ಸೀಸಕ್ಕೆ ಬೆಲೆ ಇದೆ, ಹೊಸದು ತಗೊಳ್ಳುವಾಗ ಎಕ್ಸ್‌ಚೇಂಜ್‌ಗೆ ಕೊಟ್ಟು ದುಡ್ಡು ಕಡಿಮೆ ಮಾಡಿಸಿಕೊಳ್ಳಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಅದನ್ನು ಬೇರೆ ಕಸದ ಜೊತೆ ಸೇರಿಸೋ ಹಾಗೂ ಇಲ್ಲ. ಮನೆ ಹಿತ್ತಲಲ್ಲಿ ಒಡೆಯೋ ಕೆಲಸವಂತೂ ಬೇಡ. ಸೀಸ ಮಣ್ಣಿಗೆ, ಬಾವಿಗೆ ಸೇರಿದರೆ ತೊಂದರೆ ಮಕ್ಕಳಿಗೆ.