ಉಗುರಿನ ತುದಿಯಲ್ಲಿ ಹುಟ್ಟಿದ ವರಲಕ್ಷ್ಮಿ

ನಾಳೆ ಅರಳಲಿರುವ ಹತ್ತಿ ಮೊಗ್ಗು ಇವತ್ತು ಸಂಜೆಯೇ ಗುರುತು ಕೊಡುತ್ತದೆ. ಸುರುಳಿ ಸುತ್ತಿದ ದಳ ಹೊರಗೆ ಇಣುಕುತ್ತಿರುತ್ತದೆ. ಬೀಜದ ಹೊಲದ ಹೆಣ್ಣುಮಗಳು ಹೆಬ್ಬೆರಳಿನ ಉಗುರನ್ನು ಮೊಗ್ಗಿನ ಬುಡಕ್ಕೆ ಊರಿ, ದಳದ ಜೊತೆಗೇ ಗಂಡು ಕೇಸರವನ್ನೂ ಸಿಪ್ಪೆಯಂತೆ ಸುಲಿದು ತೆಗೆಯುತ್ತಾಳೆ. ಒಳಗಿನ ಎಳೆಗಾಯಿಗೆ ಪೆಟ್ಟಾಗಬಾರದು, ಕೇಸರದ ಒಂದು ಚೂರೂ ಉಳಿಯಬಾರದು. ಮೇಲೊಂದು ಕೆಂಪು ಕಾಗದದ ಚೀಲ ತೊಡಿಸಿದರೆ ಆ ದಿನದ ಕೆಲಸ ಮುಗಿಯಿತು. ಮರುದಿನ ಮುಂಜಾನೆ ಗಂಡು ಸಾಲಿನ ಹೂವು ತಂದು ಪರಾಗ ಸವರಬೇಕು. ಹೊಲದ ಮಾತಿನಲ್ಲಿ ಇದು ‘ಕ್ರಾಸಿಂಗ್’.

1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಾತರಕಿ ಹೊರತಂದ ವರಲಕ್ಷ್ಮಿ ಹತ್ತಿ ನಿಂತದ್ದು ಈ ಕೈಚಳಕದ ಮೇಲೆ. ಅದಕ್ಕೆ ಎರಡು ವರ್ಷ ಮೊದಲು ಸೂರತ್‌ನಲ್ಲಿ ಸಿ.ಟಿ. ಪಟೇಲ್ ಎಚ್-4 ಎಂಬ ಸಂಕರಣ ಹತ್ತಿ ಕೊಟ್ಟಿದ್ದರು. ಅದರ ತಂದೆತಾಯಿ ಎರಡೂ ಒಂದೇ ಪ್ರಭೇದದವು. ಕಾತರಕಿ ಬೇಲಿ ದಾಟಿದರು. ಅಮೆರಿಕನ್ ಕುಲದ ಲಕ್ಷ್ಮಿ ತಳಿಗೆ ಈಜಿಪ್ಟ್ ಹತ್ತಿಯ ಕುಲಕ್ಕೆ ಸೇರಿದ ಎಸ್‌ಬಿ 289ಇ ತಳಿಯನ್ನು ಕೂಡಿಸಿದರು. ಎರಡು ಪ್ರಭೇದಗಳ ನಡುವಿನ ಸಂಕರಣ ಹತ್ತಿ ರೈತರ ಹೊಲಕ್ಕೆ ಇಳಿದದ್ದು ಜಗತ್ತಿನಲ್ಲಿ ಅದೇ ಮೊದಲು. ನಯವಾದ ನೂಲಿಗೆ ಈಜಿಪ್ಟ್, ಸುಡಾನ್‌ಗಳಿಂದ ಉದ್ದೆಳೆಯ ಅರಳೆ ತರಿಸುತ್ತಿದ್ದ ನಮ್ಮ ಗಿರಣಿಗಳಿಗೆ ಅಂಥ ಅರಳೆ ಎರೆಹೊಲದಲ್ಲೇ ಸಿಕ್ಕಂತಾಯಿತು.

ಲಕ್ಷ್ಮಿಯ ತವರನ್ನು ಹುಡುಕುತ್ತ ಹೋದರೆ ಕಥೆ ನೂರು ವರ್ಷಕ್ಕೂ ಹಿಂದೆ ಸರಿಯುತ್ತದೆ. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಕರೆಸಿತು. ಅವರಲ್ಲೊಬ್ಬ ಮರ್ಸರ್, ಆ ದಶಕದಲ್ಲೇ ಧಾರವಾಡ ಸೀಮೆಗೆ ಬಂದ. ನ್ಯೂ ಆರ್ಲಿಯನ್ಸ್ ಬೀಜ ಇಲ್ಲಿ ಹಿಡಿಯಿತು, ಆದರೆ ಅದರ ಅರಳೆ ಕಾಳನ್ನು ಬಿಗಿಯಾಗಿ ಕಚ್ಚಿಕೊಂಡಿರುತ್ತಿತ್ತು. ನಮ್ಮ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಜವಾರಿ ಹತ್ತಿ ಬಿಡಿಸುತ್ತಿದ್ದ ಪದ್ಧತಿ ಅದಕ್ಕೆ ಒಗ್ಗಲಿಲ್ಲ. ಅಮೆರಿಕದ ಎಲಿ ವಿಟ್ನಿಯ ಗರಗಸದ ಜಿನ್ ಯಂತ್ರ ಬೇಕಾಯಿತು. ಅದನ್ನು ತಯಾರಿಸುವ, ದುರಸ್ತಿ ಮಾಡುವ ಸರಕಾರಿ ಕಾರ್ಖಾನೆ ಧಾರವಾಡದಲ್ಲೇ ಎದ್ದಿತು. ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನ ಅರಳೆ ಘಟ್ಟ ಇಳಿದು ಕುಮಟೆ ಬಂದರಿಗೆ ಹೋಗತೊಡಗಿತು.

ಈ ಬೆಳೆಗೆ ಎಲೆ ಕೆಂಪಾಗುವ ರೋಗ ಗಂಟುಬಿತ್ತು. ರೋಗ ತಡೆದ ಗಿಡಗಳನ್ನು ಆರಿಸಿ ಮಾಡಿದ್ದು ಗದಗ-1. ಗದಗ-1ನ್ನು ಕಾಂಬೋಡಿಯಾ ಹತ್ತಿಯೊಂದಿಗೆ ಕೂಡಿಸಿದಾಗ ಬಂದವಳೇ ಲಕ್ಷ್ಮಿ. ಅವಳ ಮಗಳು ವರಲಕ್ಷ್ಮಿ.

ಜವಾರಿ ಹತ್ತಿಯನ್ನೇ ಯಾಕೆ ಕೂಡಿಸಲಿಲ್ಲ ಎಂದು ಕೇಳಬಹುದು. ಅದರ ವರ್ಣತಂತುಗಳು 26, ಅಮೆರಿಕನ್ ಮತ್ತು ಈಜಿಪ್ಟ್ ಕುಲದವು 52. ಲೆಕ್ಕ ಹೊಂದದಿದ್ದರೆ ಸಂತಾನ ಬಂಜೆ.

ಜಿನ್ ಮಾಡಿದ ವಿಟ್ನಿ 1794ರಲ್ಲಿ ಅದಕ್ಕೆ ಪೇಟೆಂಟ್ ಪಡೆದೂ, ನಕಲು ತಡೆಯಲು ಕೋರ್ಟು ಅಲೆದ. ಅವನ ಯಂತ್ರವನ್ನು ಯಾವ ಬಡಿಗನೂ ನೋಡಿ ಮಾಡಿಬಿಡುತ್ತಿದ್ದ. ಆದರೆ ಸಂಕರಣ ಬೀಜಕ್ಕೆ ಬೀಗ ಅದರೊಳಗೇ ಇದೆ. ಬೆಳೆದ ಹತ್ತಿಯ ಕಾಳನ್ನೇ ಮತ್ತೆ ಬಿತ್ತಿದರೆ ಗಿಡಕ್ಕೊಂದು ಗುಣ. ರೈತ ವರ್ಷವರ್ಷವೂ ಬೀಜ ಕೊಳ್ಳಲೇಬೇಕು. ವರಲಕ್ಷ್ಮಿ ತಂದ ಹಣದ ಜೊತೆಗೆ ಈ ಹಂಗೂ ಮನೆಯೊಳಗೆ ಬಂತು. ವರಲಕ್ಷ್ಮಿಯನ್ನು ಹೊಗಳುವವರು ಈ ಮಾತು ಬಿಡುತ್ತಾರೆ, ನನಗೆ ಬಿಡಲಾಗದು. ರಾಣೆಬೆನ್ನೂರಿನ ಕಡೆ ಬೀಜೋತ್ಪಾದನೆಯೇ ದೊಡ್ಡ ಉದ್ಯೋಗವಾಯಿತು. ಶಾಲೆಗೆ ಹೋಗಬೇಕಾದ ಹುಡುಗಿಯರ ಬೆರಳುಗಳೂ ಆ ಮೊಗ್ಗುಗಳ ಮೇಲೆ ಓಡಾಡಿದವು.

1981ರಲ್ಲಿ ಕಾತರಕಿಯವರದೇ ಇನ್ನೊಂದು ಸಂಕರಣ ಜಯಲಕ್ಷ್ಮಿ ಬಂದು ಅಕ್ಕನನ್ನು ಹಿಂದಕ್ಕೆ ಹಾಕಿತು. ಸಂಶೋಧನಾ ಕೇಂದ್ರದ ಪುಸ್ತಕದಲ್ಲಿ ಅದರ ಹೆಸರು ಡಿಸಿಎಚ್-32. ಪೇಟೆಯಲ್ಲಿ ಬರೀ ‘ಡಿಸಿಎಚ್’. ಮಧ್ಯಪ್ರದೇಶದ ರತ್ಲಾಮ್ ಕಡೆಯ ರೈತರೂ ಅದನ್ನು ಬೆಳೆದರು. ಆ ಹೆಸರಿನ ಮೊದಲ ‘ಡಿ’ ಧಾರವಾಡದ್ದು.