ವೈವಾ ಕೋಣೆಯಲ್ಲಿ ಮಳೆ ಲೆಕ್ಕ

ಕಾಫಿ ತೋಟದ ಮನೆಯಲ್ಲಿ ಬೆಳೆದವರಿಗೆ ಸರಾಸರಿಯ ಮೇಲೆ ಅಷ್ಟಾಗಿ ನಂಬಿಕೆ ಇರುವುದಿಲ್ಲ. ವರ್ಷಕ್ಕೆ ಎಷ್ಟು ಇಂಚು ಬಿತ್ತು ಅನ್ನುವುದಿರಲಿ, ಹೂಮಳೆ ಯಾವತ್ತು ಬಂತು, ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಬಂತು, ಅದರ ಹಿಂದೆ ಬ್ಯಾಕಿಂಗ್ ಮಳೆ ಬಂತೋ ಇಲ್ಲವೋ ಅನ್ನುವುದರ ಮೇಲೆ ಫಸಲು ನಿಂತಿದೆ. ಮೂಡಿಗೆರೆ, ಕಳಸದ ಕಡೆ ಮಳೆಮಾಪಕ ನೋಡಿ ದಿನದಿನದ ಲೆಕ್ಕ ಡೈರಿಯಲ್ಲಿ ಬರೆದಿಡುವುದು ಅದಕ್ಕೇ. ಇಂಥ ಮನೆಯ ಮಕ್ಕಳೇ ಎಂಜಿನಿಯರಿಂಗ್ ವೈವಾದಲ್ಲಿ ಸರಾಸರಿಯ ಹಿಂದೆ ಅಡಗಿಕೊಳ್ಳುವುದು ನನಗಂತೂ ಸೋಜಿಗ.

ಚಿಕ್ಕಮಗಳೂರು ಜಿಲ್ಲೆಯಲ್ಲಿ ಈ ವೈವಾ ಅಂದರೆ ಮೊದಲು ನೆನಪಾಗುವುದು ಚಿಕ್ಕಮಗಳೂರು ಜ್ಯೋತಿನಗರದ ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯ. ಊರವರ ಬಾಯಲ್ಲಿ ಎಐಟಿ. ಶುರುವಾದದ್ದು 1980ರಲ್ಲಿ, ಈಗ ಬೆಳಗಾವಿಯ ವಿಟಿಯು ಅಡಿಯಲ್ಲಿದೆ. ಕೊನೆಯ ವರ್ಷದ ಪ್ರಾಜೆಕ್ಟ್ ವರದಿಗೆ ಗೈಡ್ ಸಹಿ, ಎಚ್‌ಒಡಿ ಸಹಿ, ಬೈಂಡಿಂಗ್. ಆಮೇಲೆ ಇಂಟರ್ನಲ್, ಎಕ್ಸ್‌ಟರ್ನಲ್ ಪರೀಕ್ಷಕರ ಎದುರು ಪಿಪಿಟಿ. ಯಾವ ಕಾಲೇಜಿಗೆ ಹೋದರೂ ಇಷ್ಟು ಒಂದೇ. ಆ್ಯಪ್ ಮಾಡಿ ತೋರಿಸುವುದು ಸುಲಭ, ಅದು ಎಷ್ಟು ಭಾರ ತಡೆಯುತ್ತದೆ ಎಂದು ಅಳೆದು ತೋರಿಸುವುದು ಕಷ್ಟ.

ಅಂಥದ್ದೊಂದು ಸ್ಲೈಡ್ ಪರದೆಯ ಮೇಲಿದೆ ಅಂದುಕೊಳ್ಳಿ. ಸರ್ವರ್‌ಗೆ 100 ಕೋರಿಕೆ, ಸರಾಸರಿ ಸುಮಾರು 50 ಮಿಲಿಸೆಕೆಂಡಿನಲ್ಲಿ ಉತ್ತರ. ನೋಡಲು ಚೆಂದ. ಎಕ್ಸ್‌ಟರ್ನಲ್ ಬಿಡಿಲೆಕ್ಕ ಕೇಳುತ್ತಾರೆ. 98ಕ್ಕೆ ತಲಾ 10 ಮಿಲಿಸೆಕೆಂಡ್, ಎರಡಕ್ಕೆ ಮಾತ್ರ ತಲಾ 2 ಸೆಕೆಂಡ್. 50 ಮಿಲಿಸೆಕೆಂಡಿಗೆ ಉತ್ತರ ಸಿಕ್ಕವರು ಒಬ್ಬರೂ ಇಲ್ಲ! “ಆ ಎರಡನ್ನ ಔಟ್‌ಲಯರ್ ಅಂತ ತೆಗೆದುಬಿಡ್ತೀನಿ ಸರ್” ಎಂದು ಹುಡುಗಿ ತಡವರಿಸುತ್ತಾಳೆ. “ತೆಗೀಬೇಡಮ್ಮಾ, ನಿನ್ನ ಪ್ರಾಜೆಕ್ಟ್ ಇರೋದೇ ಅಲ್ಲಿ.” ಡಿಸ್ಕ್ ಕಾಯಿಸಿತೆ? ಬೇರೆ ಯಾರೋ ಲಾಕ್ ಹಿಡಿದು ಕೂತಿದ್ದರೆ? ಕ್ಯಾಶ್ ಖಾಲಿ ಇತ್ತೆ?

ಅಳತೆಯೂ ಮೋಸ ಮಾಡುತ್ತದೆ. ಮಳೆಗಾಲದ ರಾತ್ರಿ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಿದ್ದರೆ ಎಷ್ಟೋ ಸಲ ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಹಳೇ ಪ್ರೋಗ್ರಾಂ ರಾತ್ರಿ ಮನೆಯಲ್ಲಿ ಓಡಿಸಿ, ಹೊಸದನ್ನು ಬೆಳಿಗ್ಗೆ ಲ್ಯಾಬ್‌ನಲ್ಲಿ ಓಡಿಸಿದವನು ತನ್ನ ಅಲ್ಗಾರಿದಂ ಗೆದ್ದಿತು ಅಂದುಕೊಳ್ಳುತ್ತಾನೆ. ಗೆದ್ದದ್ದು ಚಾರ್ಜರ್.

ಆ ಎರಡು ಕೋರಿಕೆ ಕಾದಂತೆ ಸಾಲಿನಲ್ಲಿ ಕಾಯುವುದರ ಗಣಿತ ಕಂಪ್ಯೂಟರ್‌ಗಿಂತ ಹಳೆಯದು. ಕೋಪನ್‌ಹೇಗನ್ನಿನ ಎರ್ಲಾಂಗ್ 1909ರಲ್ಲೇ ಟೆಲಿಫೋನ್ ಕರೆಗಳ ಮೇಲೆ ಬರೆದಿದ್ದರು. 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ಸೂತ್ರವನ್ನು ಕೊಯ್ಲಿನ ಸಂಜೆ ಹಣ್ಣು ತೂಗುವ ಕಡೆ ನಿಂತು ಪರೀಕ್ಷಿಸಬಹುದು: ನಿಮಿಷಕ್ಕೆ ಇಬ್ಬರು ಬಂದು ಸೇರುತ್ತಾ, ಒಬ್ಬೊಬ್ಬರೂ 10 ನಿಮಿಷ ನಿಲ್ಲಬೇಕಾದರೆ ಸಾಲಿನಲ್ಲಿ 20 ಜನ. ಇದೂ ಸರಾಸರಿಯೇ, ಒಪ್ಪಿದೆ.

ಸರಾಸರಿ ಬಿಟ್ಟು ಅತಿ ಕೆಟ್ಟ ದಿನವನ್ನೇ ಲೆಕ್ಕಕ್ಕೆ ಹಿಡಿದ ಕೆಲಸ ನೋಡಬೇಕೆಂದರೆ ಘಟ್ಟ ಬಿಟ್ಟು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗಬೇಕು. ಡೇಟಾಬೇಸ್ ತನ್ನ ಅಂದಾಜು ತಪ್ಪಿ ಸುತ್ತುದಾರಿ ಹಿಡಿದಾಗ ಆಗುವ ವಿಳಂಬ ಇಂತಿಷ್ಟು ಮೀರದಂತೆ ಕಟ್ಟಿಹಾಕುವ ವಿಧಾನವನ್ನು ಅಲ್ಲಿನ ಪ್ರೊ. ಜಯಂತ್ ಹರಿತ್ಸ ಮತ್ತು ಅವರ ವಿದ್ಯಾರ್ಥಿಗಳು ರೂಪಿಸಿದ್ದಾರೆ. ಹರಿತ್ಸ ಅವರಿಗೆ 2014ರ ಇನ್ಫೋಸಿಸ್ ಪ್ರಶಸ್ತಿ ಬಂತು. ಅಲ್ಲಿ ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಕೊಲೋಕ್ವಿಯಂ, ಕೊನೆಗೆ ಡಿಫೆನ್ಸ್. ಹಿಂದಿನ ಬೆಂಚಿನಲ್ಲಿ ಹೊರಗಿನವರೂ ಕೂತು ಕೇಳಬಹುದು.