ಸಂಕಲ್ಪಕ್ಕೆ ಮುಂಚಿನ ಅರ್ಧ ಸೆಕೆಂಡು

ಮನುಷ್ಯನು ತನ್ನ ಕ್ರಿಯೆಗೆ ನಿಜವಾಗಿ ತಾನೇ ಕರ್ತೃವೇ ಎಂಬ ಪ್ರಶ್ನೆ ಬಹುಕಾಲ ತತ್ತ್ವಶಾಸ್ತ್ರದ ಸೊತ್ತಾಗಿತ್ತು; ಅದಕ್ಕೆ ಪ್ರಯೋಗಶಾಲೆಯ ದಾರಿ ತೆರೆದದ್ದು, ಜರ್ಮನಿಯ ಕೋರ್ನ್‌ಹೂಬರ್ ಮತ್ತು ಡೀಕೆ 1965ರಲ್ಲಿ ‘ಸನ್ನದ್ಧತಾ ವಿಭವ’ವನ್ನು, ಅಂದರೆ ಸ್ವಇಚ್ಛೆಯಿಂದ ಕೈಯಾಡಿಸುವ ಮೊದಲೇ ಮಿದುಳಿನಲ್ಲಿ ಮೆಲ್ಲನೆ ಬೆಳೆಯುವ ವಿದ್ಯುತ್ ಸಂಕೇತವನ್ನು, ವಿವರಿಸಿದ ಮೇಲೆ.

ಅಮೆರಿಕದ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಭಾಗಿಗಳು ತಮಗೆ ತೋಚಿದಾಗ ಮಣಿಕಟ್ಟನ್ನು ಬಾಗಿಸಬೇಕಿತ್ತು, 2.56 ಸೆಕೆಂಡಿಗೊಮ್ಮೆ ಸುತ್ತು ಹಾಕುವ ಬೆಳಕಿನ ಚುಕ್ಕೆ ಎಲ್ಲಿದ್ದಾಗ ಆ ಇಚ್ಛೆ ಮೂಡಿತೆಂಬುದನ್ನೂ ಹೇಳಬೇಕಿತ್ತು (ತನ್ನ ಇಚ್ಛೆಯ ಹುಟ್ಟಿಗೆ ತಾನೇ ಗಳಿಗೆ ಗುರುತಿಸುವುದು ಸುಲಭದ ಕೆಲಸವಲ್ಲ). ಇಚ್ಛೆಯ ಅರಿವು ಚಲನೆಗಿಂತ ಸುಮಾರು 200 ಮಿಲಿಸೆಕೆಂಡು ಮೊದಲು ಮೂಡಿದರೆ, ಸನ್ನದ್ಧತಾ ವಿಭವವು ಸುಮಾರು 550 ಮಿಲಿಸೆಕೆಂಡು ಮೊದಲೇ ಆರಂಭವಾಗಿತ್ತು. ಮಿದುಳು ಮೊದಲೇ ತೀರ್ಮಾನಿಸಿರುತ್ತದೆ, ಮನಸ್ಸಿಗೆ ಅದರ ಸುದ್ದಿ ತಡವಾಗಿ ಮುಟ್ಟುತ್ತದೆ ಎಂದು ಹಲವರು ಅರ್ಥೈಸಿದರು. ಲಿಬೆಟ್ ಮಾತ್ರ ಅಷ್ಟು ದೂರ ಹೋಗದೆ, ಮೂಡಿದ ಪ್ರೇರಣೆಯನ್ನು ಕೊನೆಯ ಕ್ಷಣದಲ್ಲಿ ತಡೆಯುವ ಅಧಿಕಾರ ಅರಿವಿಗೆ ಉಳಿದಿದೆಯೆಂದು ವಾದಿಸಿದರು.

ಈ ಅರ್ಥೈಸುವಿಕೆಯ ಬುಡವನ್ನೇ ಅಲುಗಿಸಿದ್ದು ಏರನ್ ಶುರ್ಗರ್ ಮತ್ತು ಸಂಗಡಿಗರ 2012ರ ಅಧ್ಯಯನ. ಸನ್ನದ್ಧತಾ ವಿಭವವು ಒಂದೇ ಚಲನೆಯ ದಾಖಲೆಯಲ್ಲಿ ಸ್ಪಷ್ಟವಾಗಿ ಕಾಣುವುದು ಅಪರೂಪ. ಹತ್ತಾರು ಚಲನೆಗಳ ದಾಖಲೆಗಳನ್ನು, ಕೈಯಾಡಿದ ಕ್ಷಣಕ್ಕೆ ಹೊಂದಿಸಿ, ಸರಾಸರಿ ತೆಗೆದಾಗಲೇ ಅದು ಮೈದಾಳುತ್ತದೆ. ನರಕೋಶಗಳ ಚಟುವಟಿಕೆ ಸದಾ ಗೊತ್ತುಗುರಿಯಿಲ್ಲದೆ ಏರಿಳಿಯುತ್ತಿರುತ್ತದೆ. ಕೈಯಾಡಿಸಲು ಬೇರೆ ಕಾರಣವೇ ಇಲ್ಲದಿರುವಾಗ, ಈ ಏರಿಳಿತ ಒಂದು ಹೊಸ್ತಿಲನ್ನು ದಾಟಿದ ಗಳಿಗೆಯಲ್ಲಿ ಕೈ ಆಡುತ್ತದೆಂದು ಭಾವಿಸಿದರೆ, ಪ್ರತಿ ದಾಖಲೆಯನ್ನೂ ಆ ಗಳಿಗೆಯಿಂದ ಹಿಂದಕ್ಕೆ ನೋಡುವವರಿಗೆ ಏರುತ್ತಿರುವ ರೇಖೆ ಕಂಡೇ ಕಾಣುತ್ತದೆ. ಹಾಗಾದರೆ ಅದು ಗುಟ್ಟಾಗಿ ಕೈಗೊಂಡ ತೀರ್ಮಾನದ ಗುರುತಲ್ಲ, ಬಹುಮಟ್ಟಿಗೆ ಲೆಕ್ಕ ಹಾಕಿದ ಕ್ರಮದ ಫಲ.

ಇದರಿಂದ ಇಚ್ಛಾಸ್ವಾತಂತ್ರ್ಯ ಸಿದ್ಧವಾಗುವುದಿಲ್ಲ, ಏಕೆಂದರೆ ಆ ಏರಿಳಿತಕ್ಕೂ ಭೌತಿಕ ಕಾರಣಗಳಿರುತ್ತವೆ. ಆದರೆ ಮಣಿಕಟ್ಟಿನ ಬಾಗನ್ನು ಮನುಷ್ಯನ ಎಲ್ಲ ಆಯ್ಕೆಗಳ ಮಾದರಿಯೆಂದು ಒಪ್ಪಿಕೊಂಡದ್ದೇ ಈ ಚರ್ಚೆಯ ದೊಡ್ಡ ದೋಷ: ಯಾವಾಗ ಬಾಗಿಸಿದರೂ ಒಂದೇ ಆಗಿರುವಲ್ಲಿ ತೂಗಿ ನೋಡಲು ಏನೂ ಇರುವುದಿಲ್ಲ, ಹೊಣೆಯೂ ಇರುವುದಿಲ್ಲ. ಉರಿ ಮಾವೋಜ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾಗಿಗಳು ಎರಡು ಸೇವಾಸಂಸ್ಥೆಗಳಲ್ಲಿ ಯಾವುದಕ್ಕೆ 1000 ಡಾಲರ್ ದಾನ ಸಲ್ಲಬೇಕೆಂದು ಆರಿಸಬೇಕಿತ್ತು. ಆಯ್ಕೆಯಿಂದ ಫಲ ಬದಲಾಗದ ಸರದಿಗಳಲ್ಲಿ ಸನ್ನದ್ಧತಾ ವಿಭವ ಎಂದಿನಂತೆ ಕಾಣಿಸಿಕೊಂಡರೆ, ಆಯ್ಕೆಗೆ ನಿಜವಾದ ಪರಿಣಾಮವಿದ್ದ ಸರದಿಗಳಲ್ಲಿ ಅದು ಇಲ್ಲವೆನ್ನುವಷ್ಟು ಕ್ಷೀಣವಾಗಿತ್ತು.